ಡಿಪ್ರೆಶನ್ ಇರುವವರಿಗೆ ವ್ಯಾಯಾಮದಿಂದ ನಿಜವಾಗಿ ಪ್ರಯೋಜನ ಇದೆಯಾ?

ನಸುಕು:
ಎಲ್ಲರಿಗೂ ನಮಸ್ಕಾರ. ನನಗೆ ಡಿಪ್ರೆಶನ್ ಇದೆ. ಮನೋವೈದ್ಯರ ಹತ್ತಿರ ತೋರಿಸುತ್ತಿದ್ದೇನೆ, ಮಾತ್ರೆ ನಡೆಯುತ್ತಿದೆ. ಮೊದಲಿಗಿಂತ ಪರವಾಗಿಲ್ಲ. ನಿದ್ದೆ ಬರುತ್ತದೆ, ಅಳು ಕಡಿಮೆಯಾಗಿದೆ. ಆದರೆ ಯಾವುದರಲ್ಲೂ ಮನಸ್ಸಿಲ್ಲ. ಮೈಯಲ್ಲಿ ಶಕ್ತಿಯೇ ಇಲ್ಲದ ಹಾಗಿರುತ್ತದೆ.

ಈಗ ಯಾರ ಹತ್ತಿರ ಮಾತಾಡಿದರೂ ಒಂದೇ ಸಲಹೆ, ವ್ಯಾಯಾಮ ಮಾಡು. ಮನೆಯವರು, ಸ್ನೇಹಿತರು, ಕೊನೆಗೆ ಡಾಕ್ಟರ್ ಕೂಡ. ನಾನು ಕೇಳಬೇಕೆಂದಿರುವುದು ಎರಡು ವಿಷಯ. ಇದು ಸರಿಯಾಗಿ ಪರೀಕ್ಷೆ ಮಾಡಿ ನೋಡಿದ ಮಾತಾ, ಇಲ್ಲಾ ಎಲ್ಲ ಕಾಯಿಲೆಗೂ ಹೇಳುವ ಮಾತಾ? ಮತ್ತೆ, ಸ್ನಾನಕ್ಕೆ ಏಳುವುದೇ ದೊಡ್ಡ ಕೆಲಸ ಅನ್ನಿಸುವವರು ಅದನ್ನು ಶುರು ಮಾಡುವುದು ಹೇಗೆ? ಓದಿದವರು, ಅನುಭವ ಇರುವವರು ದಯವಿಟ್ಟು ಹೇಳಿ.

ದಾರಿಹೋಕ:
ಮೊದಲ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಈ ವಿಷಯದ ಅಧ್ಯಯನಗಳನ್ನು ತುಂಬಾ ಕಾಲದಿಂದ ಓದಿಕೊಂಡು ಬಂದಿದ್ದೇನೆ. ಹೌದು, ಪರೀಕ್ಷೆ ಮಾಡಿದ್ದಾರೆ, ಮಾತ್ರೆಯ ಎದುರಿಗೇ ಇಟ್ಟು ನೋಡಿದ್ದಾರೆ.

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಪ್ರಯೋಗ 1999ರಲ್ಲಿ ಪ್ರಕಟವಾಯಿತು. 50 ವರ್ಷ ಅಥವಾ ಅದಕ್ಕಿಂತ ಹೆಚ್ಚು ವಯಸ್ಸಿನ, ಡಿಪ್ರೆಶನ್ ಇದ್ದ 156 ಜನರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಸರ್ಟ್ರಲೀನ್ ಮಾತ್ರೆ, ಒಂದು ಗುಂಪಿಗೆ ವಾರಕ್ಕೆ ಮೂರು ಸಲ ವ್ಯಾಯಾಮ, ಮೂರನೆಯದಕ್ಕೆ ಎರಡೂ. 16 ವಾರ ಆದಮೇಲೆ ಮೂರೂ ಗುಂಪು ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಸುಧಾರಿಸಿದ್ದವು. ಒಂದು ವ್ಯತ್ಯಾಸ ಇತ್ತು. ಬರೀ ಮಾತ್ರೆ ತೆಗೆದುಕೊಂಡವರಲ್ಲಿ ಮೊದಲ ಕೆಲವು ವಾರಗಳ ಸುಧಾರಣೆ ಬೇಗ ಕಂಡಿತು.

ಅದರಲ್ಲಿ ಒಂದು ಕೊರತೆಯೂ ಇತ್ತು. ಏನೂ ಔಷಧಿ ಇಲ್ಲದ ಸುಳ್ಳು ಮಾತ್ರೆಯ ಗುಂಪು ಇರಲಿಲ್ಲ. ಕಾಲ ಕಳೆದಂತೆ ತಾನಾಗಿಯೇ ಕಡಿಮೆಯಾಯಿತಾ ಅಂತ ಹೇಳಲು ಆಗುತ್ತಿರಲಿಲ್ಲ. 2007ರಲ್ಲಿ ಅದೇ ತಂಡ 202 ಜನರ ಮೇಲೆ ಮತ್ತೆ ಮಾಡಿತು, ಈ ಸಲ ಸುಳ್ಳು ಮಾತ್ರೆ ಸೇರಿಸಿ. 16 ವಾರಕ್ಕೆ ಕಾಯಿಲೆಯ ಲಕ್ಷಣಗಳಿಂದ ಹೊರಬಂದವರು ಹೀಗಿದ್ದರು: ಮಾತ್ರೆಯಲ್ಲಿ 47%, ತರಬೇತುದಾರರ ಎದುರು ವ್ಯಾಯಾಮ ಮಾಡಿದವರಲ್ಲಿ 45%, ಮನೆಯಲ್ಲೇ ಮಾಡಿದವರಲ್ಲಿ 40%, ಸುಳ್ಳು ಮಾತ್ರೆಯಲ್ಲಿ 31%.

ಈ ಕೊನೆಯ ಸಂಖ್ಯೆಯನ್ನು ಮರೆಯಬೇಡಿ. 31% ಜನ ಔಷಧಿಯೇ ಇಲ್ಲದ ಮಾತ್ರೆಯಲ್ಲಿ ಸುಧಾರಿಸಿದರು. ವ್ಯಾಯಾಮದಿಂದ ಅದಕ್ಕಿಂತ ಹೆಚ್ಚು ಜನ ಹೊರಬಂದರು, ಆದರೆ ಅರ್ಧಕ್ಕಿಂತ ಹೆಚ್ಚು ಜನ ಹೊರಬರಲಿಲ್ಲ. ಮಾತ್ರೆಯ ಕಥೆಯೂ ಅಷ್ಟೇ. ಹಾಗಾಗಿ ಪ್ರಯೋಜನ ಇದೆ ಅನ್ನುವುದು ನಿಜ. "ಎಲ್ಲಾ ಸರಿಹೋಗುತ್ತೆ" ಅನ್ನುವುದು ನಿಜ ಅಲ್ಲ.

ಗಿರಿಶಿಖರ:
ನಾನು ಓಟ ಶುರು ಮಾಡಿ ಡಿಪ್ರೆಶನ್‌ನಿಂದ ಹೊರಬಂದವನು. ಮಾತ್ರೆ ಒಂದು ದಿನವೂ ಮುಟ್ಟಲಿಲ್ಲ. ಬೆಳಿಗ್ಗೆ ಬೇಗ ಎದ್ದು ಓಡಲು ಹೋದರೆ ಇಡೀ ದಿನ ಬೇರೆಯೇ ಆಗುತ್ತದೆ. ನಸುಕು ಅವರೇ, ನನ್ನ ಮಾತು ಕೇಳಿ, ಮಾತ್ರೆ ನಿಲ್ಲಿಸಿ ಓಡಲು ಶುರು ಮಾಡಿ. ಮಾತ್ರೆ ಅಂದರೆ ಮನಸ್ಸಿಗೆ ಮಂಪರು ಅಷ್ಟೇ.

ತಂಗಾಳಿ:
ಗಿರಿಶಿಖರ ಅವರೇ, ನಿಮಗೆ ಒಳ್ಳೆಯದಾದದ್ದು ಸಂತೋಷ. ಆದರೆ ದಯವಿಟ್ಟು ಯಾರಿಗೂ ಮಾತ್ರೆ ನಿಲ್ಲಿಸಿ ಅಂತ ಹೇಳಬೇಡಿ. ನಾನು ಮನೋರೋಗ ವಿಭಾಗದಲ್ಲಿ ನರ್ಸ್. ಡಿಪ್ರೆಶನ್ ಮಾತ್ರೆಯನ್ನು ಇದ್ದಕ್ಕಿದ್ದಂತೆ ಬಿಟ್ಟರೆ ತಲೆಸುತ್ತು, ವಾಕರಿಕೆ, ಸಿಡುಕು, ನಿದ್ದೆಗೇಡು ಬರಬಹುದು. ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಆಗುತ್ತದೆ ಅಂತ ಎಷ್ಟೋ ಜನ ಹೇಳುತ್ತಾರೆ. ಅದರ ಜೊತೆಗೆ ಕಾಯಿಲೆಯೂ ಮರಳಬಹುದು. ನಿಲ್ಲಿಸುವುದೇ ಆದರೆ ಬರೆದುಕೊಟ್ಟ ಡಾಕ್ಟರನ್ನು ಕೇಳಿ, ಡೋಸ್ ನಿಧಾನವಾಗಿ ಇಳಿಸಿಕೊಂಡು ಬರಬೇಕು.

ಇನ್ನೊಂದು ಮಾತು. ಡಿಪ್ರೆಶನ್ ಎಲ್ಲರಲ್ಲೂ ಒಂದೇ ತೂಕದ್ದಲ್ಲ. ಕೆಲಸಕ್ಕೆ ಹೋಗುತ್ತಾ, ಒಳಗೊಳಗೇ ಬಾಡಿಹೋಗಿರುವವರು ಇದ್ದಾರೆ. ಊಟ ಬಿಟ್ಟು, ಮಾತು ಬಿಟ್ಟು, ಹಾಸಿಗೆ ಹಿಡಿದವರೂ ಇದ್ದಾರೆ. ತೀವ್ರ ಡಿಪ್ರೆಶನ್‌ನಲ್ಲಿ ಕೈಕಾಲು ಆಡುವುದೇ ನಿಧಾನ ಆಗುತ್ತದೆ, ಮಾತಿನ ನಡುವೆ ದೊಡ್ಡ ಮೌನ ಬರುತ್ತದೆ. ಅದು ಸೋಮಾರಿತನ ಅಲ್ಲ, ಕಾಯಿಲೆಯ ಲಕ್ಷಣ. ಅಂಥವರಿಗೆ ಮೊದಲು ಬೇಕಾದದ್ದು ಚಿಕಿತ್ಸೆ. ಸ್ವಲ್ಪ ಚೇತರಿಸಿಕೊಂಡ ಮೇಲೆ ನಡಿಗೆಯ ಮಾತು. ಇಂಗ್ಲೆಂಡಿನಲ್ಲಿ ಚಿಕಿತ್ಸೆಯ ನಿಯಮ ರೂಪಿಸುವ ನೈಸ್ ಸಂಸ್ಥೆ 2022ರಲ್ಲಿ ಹೊರತಂದ ಮಾರ್ಗಸೂಚಿ ಗುಂಪು ವ್ಯಾಯಾಮವನ್ನು ಡಿಪ್ರೆಶನ್‌ಗೆ ಒಂದು ಆಯ್ಕೆಯಾಗಿ ಇಟ್ಟಿದೆ.

ಬದುಕೇ ಬೇಡ ಅನ್ನುವ ಯೋಚನೆ ಬರುತ್ತಿದ್ದರೆ ಇಂಥ ಚರ್ಚೆಯನ್ನೆಲ್ಲ ಪಕ್ಕಕ್ಕಿಡಿ. ಹತ್ತಿರದವರಿಗೆ ಹೇಳಿ, ಅವತ್ತೇ ಡಾಕ್ಟರನ್ನು ಕಾಣಿ ಅಥವಾ ತುರ್ತು ಚಿಕಿತ್ಸೆಗೆ ಹೋಗಿ.

ಬಿಳಿಮೋಡ:
ನನಗೆ ವ್ಯಾಯಾಮದಿಂದ ಏನೂ ಆಗಲಿಲ್ಲ. ಇದನ್ನು ಹೇಳಲೇಬೇಕು, ಏಕೆಂದರೆ ಹೇಳುವವರು ಕಡಿಮೆ. ಹಲವು ತಿಂಗಳು ನಡೆದೆ. ಮೈ ಹಗುರಾಯಿತು, ಬಿಪಿ ಇಳಿಯಿತು. ಮನಸ್ಸು ಹಾಗೇ ಇತ್ತು. ನಂತರ ಮಾತ್ರೆ ಬದಲಾಯಿಸಿದರು, ಥೆರಪಿ ಶುರುವಾಯಿತು, ಆಗ ದಾರಿ ಕಂಡಿತು.

ನನಗೆ ನೋವಾದದ್ದು ವ್ಯಾಯಾಮದಿಂದ ಅಲ್ಲ, ಜನರ ಮಾತಿನಿಂದ. "ನೀನು ಸರಿಯಾಗಿ ಮಾಡ್ತಿಲ್ಲ", "ನಿನಗೆ ವಾಸಿಯಾಗಬೇಕು ಅಂತಲೇ ಇಲ್ಲ" ಅನ್ನುತ್ತಿದ್ದರು. ಒಂದು ಕ್ಲಿನಿಕ್‌ನಲ್ಲಿ ನಾನು ಇನ್ನೂ ಮಾತು ಮುಗಿಸಿರಲಿಲ್ಲ, ಅಷ್ಟರಲ್ಲೇ ದಿನಾ ವಾಕ್ ಮಾಡಿ ಅಂತ ಹೇಳಿ ಕಳಿಸಿಬಿಟ್ಟರು. ಡಿಪ್ರೆಶನ್‌ನಲ್ಲಿ ತಪ್ಪೆಲ್ಲ ನನ್ನದೇ ಅನ್ನುವ ಭಾವನೆ ಮೊದಲೇ ಇರುತ್ತದೆ. ಅದರ ಮೇಲೆ ಇದೊಂದು ಸೇರಿದರೆ ಮನುಷ್ಯ ಇನ್ನೂ ಕುಸಿಯುತ್ತಾನೆ. ಸಲಹೆ ಕೊಡುವವರು ಇದನ್ನು ಯೋಚಿಸಬೇಕು ಅಲ್ವಾ?

ದಾರಿಹೋಕ:
ಬಿಳಿಮೋಡ ಅವರೇ, ನಿಮ್ಮ ಅನುಭವಕ್ಕೆ ಅಧ್ಯಯನದಲ್ಲೂ ಆಧಾರ ಇದೆ. ನನ್ನ ಪ್ರಕಾರ ಈ ಇಡೀ ಚರ್ಚೆಯಲ್ಲಿ ಅತ್ಯಂತ ಮುಖ್ಯವಾದ ಅಧ್ಯಯನ ಅದು. ಬ್ರಿಟನ್ನಿನಲ್ಲಿ ಮಾಡಿ 2012ರಲ್ಲಿ ಬಿಎಂಜೆ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಡಿಪ್ರೆಶನ್ ಇದ್ದ 361 ಜನ. ಎಲ್ಲರಿಗೂ ಮಾಮೂಲಿ ಚಿಕಿತ್ಸೆ. ಅರ್ಧ ಜನರಿಗೆ ಅದರ ಜೊತೆಗೆ ದೈಹಿಕ ಚಟುವಟಿಕೆ ಹೆಚ್ಚಿಸಿಕೊಳ್ಳಲು ಸಲಹೆ, ಪ್ರೋತ್ಸಾಹ. ಕೆಲವು ಸಲ ಮುಖಾಮುಖಿ, ಉಳಿದದ್ದು ಫೋನಿನಲ್ಲಿ. ಜನ ಮೊದಲಿಗಿಂತ ಜಾಸ್ತಿ ಓಡಾಡಿದರು. ಆದರೆ ಡಿಪ್ರೆಶನ್ ಮಟ್ಟದಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ.

ಆಗ ಸುದ್ದಿಪತ್ರಿಕೆಗಳು "ವ್ಯಾಯಾಮದಿಂದ ಡಿಪ್ರೆಶನ್‌ಗೆ ಉಪಯೋಗವಿಲ್ಲ" ಅಂತ ಬರೆದವು. ಅದು ಸರಿಯಲ್ಲ. ಅವರು ಪರೀಕ್ಷಿಸಿದ್ದು ವ್ಯಾಯಾಮದ ಸಲಹೆಯನ್ನು. ಡ್ಯೂಕ್‌ನಲ್ಲಿ ಪರೀಕ್ಷಿಸಿದ್ದು ವ್ಯಾಯಾಮವನ್ನು. ಅಲ್ಲಿ ಬರುವ ದಿನ, ಸಮಯ ಗೊತ್ತಿತ್ತು, ಎದುರಿಗೆ ಒಬ್ಬರು ಇರುತ್ತಿದ್ದರು, ಬಂದಿಲ್ಲ ಅಂದರೆ ಗೊತ್ತಾಗುತ್ತಿತ್ತು. ಇವೆರಡನ್ನೂ ಒಂದೇ ಅಂದುಕೊಂಡಿರುವುದರಿಂದಲೇ ನಮ್ಮ ಸುತ್ತ ಇಷ್ಟೊಂದು ಸಲಹೆ, ಇಷ್ಟು ಕಡಿಮೆ ಸಹಾಯ.

ಒಟ್ಟಾರೆ ಲೆಕ್ಕವನ್ನೂ ಹೇಳಿಬಿಡುತ್ತೇನೆ. 2013ರಲ್ಲಿ, ಚಿಕಿತ್ಸೆಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡುವ ಕಾಕ್ರೇನ್ ಸಂಸ್ಥೆಯ ಪರಿಶೀಲನೆ 39 ಪ್ರಯೋಗಗಳನ್ನು, 2,326 ಜನರನ್ನು ಸೇರಿಸಿ ನೋಡಿತು. ಎಲ್ಲವನ್ನೂ ಸೇರಿಸಿದರೆ ಪರಿಣಾಮ ಮಧ್ಯಮ ಮಟ್ಟದ್ದು. ತುಂಬಾ ಕಟ್ಟುನಿಟ್ಟಾಗಿ ಮಾಡಿದ ಆರು ಪ್ರಯೋಗಗಳನ್ನು ಮಾತ್ರ ಆರಿಸಿಕೊಂಡರೆ ಪರಿಣಾಮ ತೀರಾ ಚಿಕ್ಕದು, ಇದೆ ಅಂತ ಗಟ್ಟಿಯಾಗಿ ಹೇಳಲಾಗದಷ್ಟು. 2024ರಲ್ಲಿ ಬಿಎಂಜೆಯಲ್ಲಿ ಇನ್ನೂ ದೊಡ್ಡ ಪರಿಶೀಲನೆ ಬಂತು, 218 ಪ್ರಯೋಗ, 14,170 ಜನ. ನಡಿಗೆ, ಜಾಗಿಂಗ್, ಯೋಗ, ಭಾರ ಎತ್ತುವ ವ್ಯಾಯಾಮ, ಎಲ್ಲದರಲ್ಲೂ ಪ್ರಯೋಜನ ಕಂಡಿತು. ಆದರೆ ಅದೇ ಲೇಖಕರು ಸಾಕ್ಷ್ಯದ ಮೇಲಿನ ನಂಬಿಕೆ ಕಡಿಮೆ ಅಂತಲೂ ಬರೆದಿದ್ದಾರೆ. ಯಾಕೆಂದರೆ ವ್ಯಾಯಾಮ ಮಾಡುತ್ತಿರುವವರಿಗೆ ತಾವು ಯಾವ ಗುಂಪಿನಲ್ಲಿದ್ದೇವೆ ಅಂತ ಗೊತ್ತೇ ಇರುತ್ತದೆ, ಮುಚ್ಚಿಡಲು ಬರುವುದಿಲ್ಲ.

ಗಿರಿಶಿಖರ:
ತಂಗಾಳಿ ಅವರು ಹೇಳಿದ್ದನ್ನು ಒಪ್ಪುತ್ತೇನೆ, ಮಾತ್ರೆಯ ವಿಷಯ ಡಾಕ್ಟರಿಗೆ ಬಿಡೋಣ. ಆದರೆ ಅಂಕಿಅಂಶ ನೋಡಿ ಜನ ಹಿಂಜರಿಯಬಾರದು. ನನ್ನ ಪಾಲಿಗೆ ಓಟ ನಿಜವಾಗಿ ಬದುಕು ಕೊಟ್ಟಿದೆ. ಓಡಿದರೆ ದೇಹದಲ್ಲಿ ಎಂಡಾರ್ಫಿನ್ ಅನ್ನುವ ರಾಸಾಯನಿಕ ಬಿಡುಗಡೆಯಾಗುತ್ತದೆ, ಅದು ಮೆದುಳಿಗೆ ಖುಷಿ ಕೊಡುತ್ತದೆ. ಇದು ವಿಜ್ಞಾನ.

ದಾರಿಹೋಕ:
ಎಂಡಾರ್ಫಿನ್ ಕಥೆ ಅಷ್ಟು ನೇರ ಅಲ್ಲ. ರಕ್ತದಲ್ಲಿ ಹೆಚ್ಚಾಗುವ ಎಂಡಾರ್ಫಿನ್ ಸುಲಭವಾಗಿ ಮೆದುಳಿನೊಳಗೆ ದಾಟುವುದಿಲ್ಲ. ದೇಹವೇ ತಯಾರಿಸುವ ಎಂಡೋಕ್ಯಾನಬಿನಾಯ್ಡ್ ಅನ್ನುವ ವಸ್ತುಗಳು ದಾಟುತ್ತವೆ, ಓಡಿದ ನಂತರದ ನೆಮ್ಮದಿಗೆ ಅವೂ ಕಾರಣ ಇರಬಹುದು. ಹೇಗಿದ್ದರೂ ಅದು ಕೆಲವು ಗಂಟೆಯ ಸುಖ. ವಾರಗಟ್ಟಲೆ ಆಗುವ ಬದಲಾವಣೆಗೆ ಬೇರೆ ಕಾರಣ ಹುಡುಕಬೇಕು.

ಅದರಲ್ಲಿ ನನಗೆ ಕುತೂಹಲ ಹುಟ್ಟಿಸಿದ್ದು 2011ರ ಒಂದು ಪ್ರಯೋಗ. 120 ಹಿರಿಯರು, ಡಿಪ್ರೆಶನ್ ರೋಗಿಗಳಲ್ಲ. ಒಂದು ವರ್ಷ ನಡೆದವರಲ್ಲಿ ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಭಾಗ ಸುಮಾರು 2% ಬೆಳೆಯಿತು. ಬರೀ ಮೈ ಸಡಿಲಿಸುವ ವ್ಯಾಯಾಮ ಮಾಡಿದವರಲ್ಲಿ ಅದು ಸ್ವಲ್ಪ ಕುಗ್ಗಿತು. ಡಿಪ್ರೆಶನ್ ಇರುವವರಲ್ಲಿ ಸರಾಸರಿ ನೋಡಿದರೆ ಈ ಭಾಗ ಸ್ವಲ್ಪ ಚಿಕ್ಕದಾಗಿರುತ್ತದೆ. ಎರಡನ್ನೂ ಜೋಡಿಸಿ "ಅದಕ್ಕೇ ವಾಸಿಯಾಗುತ್ತದೆ" ಅನ್ನುವುದು ಅವಸರದ ಮಾತು. ಆದರೆ ನಡಿಗೆ ಮೆದುಳನ್ನು ಮುಟ್ಟುತ್ತದೆ ಅನ್ನುವುದಕ್ಕೆ ಇದು ಒಳ್ಳೆಯ ಸಾಕ್ಷಿ.

ಹೊಂಗೆನೆರಳು:
ನಾನು ಓದಿದವನಲ್ಲ, ಜೊತೆಗಿದ್ದು ನೋಡಿದವನು. ನನ್ನ ಹೆಂಡತಿಗೆ ಡಿಪ್ರೆಶನ್ ಇತ್ತು. ಎರಡನೇ ಪ್ರಶ್ನೆಗೆ, ಅಂದರೆ ಶುರು ಮಾಡುವುದು ಹೇಗೆ ಅನ್ನುವುದಕ್ಕೆ, ನನಗೆ ಗೊತ್ತಿರುವುದನ್ನು ಹೇಳುತ್ತೇನೆ.

"ನಡಿ, ವಾಕಿಂಗ್ ಹೋಗು" ಅಂತ ಹೇಳಿದಾಗ ಅವಳು ಒಂದು ದಿನವೂ ಹೋಗಲಿಲ್ಲ. ಈಜು ಬಾರದವರಿಗೆ ದಡದಲ್ಲಿ ನಿಂತು ಈಜು ಅಂತ ಕೂಗಿದ ಹಾಗೆ ಅದು. ಅವಳನ್ನು ನೋಡುತ್ತಿದ್ದ ಕೌನ್ಸೆಲರ್ ನನಗೇ ಹೇಳಿದರು, "ಅವರಿಗೆ ಹೇಳಬೇಡಿ, ನೀವು ಹೊರಡಿ, ಜೊತೆಗೆ ಬರ್ತೀರಾ ಅಂತ ಕೇಳಿ." ಹಾಗೇ ಮಾಡಿದೆ. ಸಂಜೆ ಅದೇ ಹೊತ್ತಿಗೆ ಚಪ್ಪಲಿ ಹಾಕಿಕೊಂಡು ಕೇಳುತ್ತಿದ್ದೆ. ಬಾರದ ದಿನಗಳು ಬೇಕಾದಷ್ಟಿದ್ದವು. ಬಂದ ದಿನ ಬೀದಿಯ ತುದಿಯವರೆಗೆ. ಮಾತಾಡಬೇಕು ಅಂತಲೂ ಇಲ್ಲ. ನಿಧಾನಕ್ಕೆ ಅವಳೇ "ಇವತ್ತು ಹೋಗಲ್ವಾ?" ಅಂತ ಕೇಳಲು ಶುರು ಮಾಡಿದಳು.

ಅದೇ ಅವಳನ್ನು ವಾಸಿ ಮಾಡಿತು ಅಂತ ನಾನು ಹೇಳಲ್ಲ. ಮಾತ್ರೆ ಇತ್ತು, ಕೌನ್ಸೆಲಿಂಗ್ ಇತ್ತು. ಆದರೆ ದಿನದಲ್ಲಿ ಅವಳು ಮನೆಯಿಂದ ಹೊರಗೆ ಕಾಲಿಡುತ್ತಿದ್ದ ಒಂದೇ ಹೊತ್ತು ಅದಾಗಿತ್ತು. ಅದು ಇಲ್ಲದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಲೂ ನನಗೆ ಭಯ.

ತಂಗಾಳಿ:
ಹೊಂಗೆನೆರಳು ಅಣ್ಣ, ನಿಮ್ಮ ಕೌನ್ಸೆಲರ್ ಹೇಳಿದ ದಾರಿಗೆ ಚಿಕಿತ್ಸೆಯಲ್ಲಿ ಒಂದು ಜಾಗ ಇದೆ. ಡಿಪ್ರೆಶನ್‌ನಲ್ಲಿ ಮನಸ್ಸು ಬಂದಮೇಲೆ ಮಾಡುತ್ತೇನೆ ಅಂತ ಕಾದರೆ ಮನಸ್ಸು ಬರುವುದೇ ಇಲ್ಲ. ಮಾಡದೆ ಇದ್ದಷ್ಟೂ ಮನಸ್ಸು ಇನ್ನೂ ಮುದುಡುತ್ತದೆ. ಆ ಸುತ್ತನ್ನು ಮುರಿಯಲು ಮೊದಲು ಚಿಕ್ಕ ಕೆಲಸ, ಆಮೇಲೆ ಮನಸ್ಸು ಅನ್ನುವ ಕ್ರಮದಲ್ಲಿ ಚಿಕಿತ್ಸೆ ಕೊಡುತ್ತಾರೆ. ಬಿಹೇವಿಯರಲ್ ಆಕ್ಟಿವೇಶನ್ ಅಂತಾರೆ. 2016ರಲ್ಲಿ ಬ್ರಿಟನ್ನಿನಲ್ಲಿ 440 ಜನರ ಮೇಲೆ ಪರೀಕ್ಷೆ ಮಾಡಿದಾಗ, ಕಡಿಮೆ ತರಬೇತಿ ಪಡೆದ ಸಿಬ್ಬಂದಿ ಕೊಟ್ಟ ಈ ಚಿಕಿತ್ಸೆ, ನುರಿತ ಥೆರಪಿಸ್ಟ್‌ಗಳು ಕೊಟ್ಟ ಸಿಬಿಟಿಗಿಂತ (ಯೋಚನೆಯ ರೀತಿಯನ್ನೂ ನಡವಳಿಕೆಯನ್ನೂ ಬದಲಿಸಿಕೊಳ್ಳಲು ಕಲಿಸುವ ಮಾತಿನ ಥೆರಪಿ) ಕಡಿಮೆಯೇನೂ ಇರಲಿಲ್ಲ. ಹಾಗಾಗಿ ನಡಿಗೆಯ ಲಾಭದಲ್ಲಿ ಎಷ್ಟು ಪಾಲು ಕಾಲಿನದು, ಎಷ್ಟು ಪಾಲು ಹೊರಗೆ ಬಂದದ್ದರದು ಅಂತ ಬೇರ್ಪಡಿಸುವುದು ಕಷ್ಟ. ರೋಗಿಗೆ ಅದನ್ನು ಬೇರ್ಪಡಿಸುವ ಅಗತ್ಯವೂ ಇಲ್ಲ.

ನಸುಕು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬಿಳಿಮೋಡ ಅವರ ಮಾತು ಓದಿ ಸಮಾಧಾನವಾಯಿತು. ಒಂದು ವಿಷಯ ಕೇಳಬೇಕು. ಎಲ್ಲರೂ ಬೆಳಿಗ್ಗೆ ವಾಕಿಂಗ್ ಅಂತಾರೆ. ನನಗೆ ಬೆಳಿಗ್ಗೆಯೇ ಅತಿ ಕೆಟ್ಟ ಹೊತ್ತು. ಎದ್ದ ತಕ್ಷಣ ಎದೆ ಭಾರ. ಸಂಜೆಯ ಹೊತ್ತಿಗೆ ಸ್ವಲ್ಪ ಪರವಾಗಿಲ್ಲ ಅನ್ನಿಸುತ್ತದೆ. ಬೆಳಿಗ್ಗೆ ಮಾಡಿದರೆ ಮಾತ್ರ ಪ್ರಯೋಜನವಾ? ಮತ್ತೆ ಎಷ್ಟು ಹೊತ್ತು ಮಾಡಬೇಕು?

ಮರಳಿಗೂಡು:
ನಾನು ಫಿಸಿಯೋಥೆರಪಿಸ್ಟ್. ಬೆಳಿಗ್ಗೆಯೇ ಆಗಬೇಕು ಅನ್ನುವ ನಿಯಮ ಇಲ್ಲ. ಬೆಳಿಗ್ಗೆ ಹೆಚ್ಚು, ಸಂಜೆ ಕಡಿಮೆ ಅನ್ನುವುದು ಕೆಲವು ಬಗೆಯ ಡಿಪ್ರೆಶನ್‌ನ ಲಕ್ಷಣವೇ. ನಿಮ್ಮ ಅತಿ ಕಷ್ಟದ ಹೊತ್ತಿಗೇ ಅತಿ ಕಷ್ಟದ ಕೆಲಸ ಇಟ್ಟುಕೊಂಡರೆ ಸೋಲುವುದು ಖಂಡಿತ. ಸಂಜೆ ಇಟ್ಟುಕೊಳ್ಳಿ. ತೀರಾ ರಾತ್ರಿ ಜೋರಾಗಿ ಮಾಡಿದರೆ ಕೆಲವರಿಗೆ ನಿದ್ದೆ ಕೆಡುತ್ತದೆ, ಅದೊಂದು ನೋಡಿಕೊಳ್ಳಿ.

ಎಷ್ಟು ಅನ್ನುವುದಕ್ಕೆ 2005ರ ಒಂದು ಪ್ರಯೋಗ ಇದೆ. 20ರಿಂದ 45 ವರ್ಷದ 80 ಜನ, 12 ವಾರ. ಸಾಮಾನ್ಯ ಆರೋಗ್ಯಕ್ಕೆ ಹೇಳುವಷ್ಟು ವ್ಯಾಯಾಮ ಮಾಡಿದವರಲ್ಲಿ ಡಿಪ್ರೆಶನ್ ಅಂಕ 47% ಇಳಿಯಿತು. ಅದರ ಅರ್ಧಕ್ಕಿಂತ ಕಡಿಮೆ ಮಾಡಿದವರಲ್ಲಿ 30%. ಬರೀ ಮೈ ಸಡಿಲಿಸಿಕೊಂಡವರಲ್ಲಿ 29%. ವಾರಕ್ಕೆ ಮೂರು ದಿನ ಮಾಡಿದರೂ ಐದು ದಿನ ಮಾಡಿದರೂ ಒಟ್ಟು ಅಷ್ಟೇ ಇದ್ದರೆ ವ್ಯತ್ಯಾಸ ಇರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಎಲ್ಲ ವಯಸ್ಕರಿಗೆ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ. ಮಧ್ಯಮ ಅಂದರೆ ಮಾತಾಡಲು ಬರಬೇಕು, ಹಾಡಲು ಉಸಿರು ಸಾಲಬಾರದು.

ಈ 150 ಅನ್ನುವ ಸಂಖ್ಯೆ ನೋಡಿ ಹೆದರಬೇಡಿ. ನಾನು ಡಿಪ್ರೆಶನ್ ಇರುವವರಿಗೆ ಮೊದಲ ದಿನ ಆ ಸಂಖ್ಯೆ ಹೇಳುವುದೇ ಇಲ್ಲ. ಐದು ನಿಮಿಷ ಅನ್ನುತ್ತೇನೆ. ಮೊದಲ ವಾರಗಳಲ್ಲಿ ಗುರಿ ಬೆವರುವುದಲ್ಲ, ಅದೇ ಹೊತ್ತಿಗೆ ಬಾಗಿಲು ದಾಟುವುದು. ಅದು ರೂಢಿಯಾದ ಮೇಲೆ ಹೊತ್ತು ಹೆಚ್ಚಿಸೋಣ, ಆಮೇಲೆ ವೇಗ. ಬೇಡವೇ ಬೇಡ ಅನ್ನಿಸಿದ ದಿನ ಬಟ್ಟೆ ಬದಲಿಸಿ ಬಾಗಿಲವರೆಗೆ ಬಂದು ಹಿಂದೆ ಹೋದರೂ ಅವತ್ತಿನದು ಆಯಿತು ಅಂತಲೇ ಬರೆದುಕೊಳ್ಳಲು ಹೇಳುತ್ತೇನೆ.

ನಡೆಯುವಾಗ ಖುಷಿಯಾಗುತ್ತಿದೆಯಾ ಅಂತ ನೋಡಿಕೊಳ್ಳುತ್ತಾ ಹೋಗಬೇಡಿ. ಡಿಪ್ರೆಶನ್‌ನಲ್ಲಿ ಖುಷಿಪಡುವ ಶಕ್ತಿಯೇ ಕುಂದಿರುತ್ತದೆ. ಮೊದಲಿಗೆ ನಿದ್ದೆ, ಹಸಿವು ಸುಧಾರಿಸಬಹುದು, ಮನಸ್ಸು ಅದರ ಹಿಂದೆ ಬರಬಹುದು. ನಡಿಗೆ ಇಷ್ಟವಿಲ್ಲದಿದ್ದರೆ ಗೋಡೆಗೆ ಕೈಕೊಟ್ಟು ತಳ್ಳುವುದು, ಕುರ್ಚಿಯಿಂದ ಎದ್ದು ಕೂರುವುದು, ಚಿಕ್ಕ ಭಾರ ಎತ್ತುವುದು, ಇವೂ ಸಾಕು. ಭಾರ ಎತ್ತುವ ವ್ಯಾಯಾಮದ 33 ಪ್ರಯೋಗಗಳನ್ನು 2018ರಲ್ಲಿ ಒಟ್ಟು ಸೇರಿಸಿ ನೋಡಿದಾಗ ಡಿಪ್ರೆಶನ್ ಲಕ್ಷಣಗಳು ಇಳಿದದ್ದು ಕಂಡಿದೆ.

ಕಾರ್ತೀಕ_ಇರುಳು:
ನಾನು ಬೈಪೋಲಾರ್‌ಗೆ (ಮನಸ್ಸು ಒಮ್ಮೆ ತೀರಾ ಕುಗ್ಗುವ, ಒಮ್ಮೆ ತೀರಾ ಉಬ್ಬುವ ಕಾಯಿಲೆ) ಲಿಥಿಯಂ ಮಾತ್ರೆ ತೆಗೆದುಕೊಳ್ಳುತ್ತೇನೆ. ಡಿಪ್ರೆಶನ್ ಹಂತದಲ್ಲಿ ಜಿಮ್‌ಗೆ ಸೇರಬೇಕು ಅಂತಿದ್ದೇನೆ. ಏನಾದರೂ ನೋಡಿಕೊಳ್ಳಬೇಕಾ?

ತಂಗಾಳಿ:
ನೋಡಿಕೊಳ್ಳಬೇಕು. ಸೇರುವ ಮೊದಲು ನಿಮ್ಮ ಡಾಕ್ಟರಿಗೆ ಹೇಳಿ. ತುಂಬಾ ಬೆವರಿ ಮೈಯಲ್ಲಿ ನೀರು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಮಟ್ಟ ಏರಬಹುದು. ನೀರು ಸರಿಯಾಗಿ ಕುಡಿಯಿರಿ, ಊಟದಲ್ಲಿ ಉಪ್ಪನ್ನು ಇದ್ದಕ್ಕಿದ್ದಂತೆ ಕಡಿಮೆ ಮಾಡಬೇಡಿ. ಕೈ ಜೋರಾಗಿ ನಡುಗುವುದು, ವಾಂತಿ, ಭೇದಿ, ನಡೆಯುವಾಗ ತೂರಾಡುವುದು ಕಂಡರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ. ಮತ್ತೆ, ಇದ್ದಕ್ಕಿದ್ದಂತೆ ಉತ್ಸಾಹ ಉಕ್ಕಿ, ನಿದ್ದೆಯೇ ಬೇಡ ಅನ್ನಿಸಿ, ಗಂಟೆಗಟ್ಟಲೆ ಜಿಮ್‌ನಲ್ಲೇ ಇರಬೇಕು ಅನ್ನಿಸಿದರೆ ಅದು ಸುಧಾರಣೆ ಅಲ್ಲದೆ ಮೇನಿಯಾದ ಶುರು ಇರಬಹುದು. ಮನೆಯವರಿಗೂ ಇದನ್ನು ಮೊದಲೇ ಹೇಳಿಟ್ಟಿರಿ.

ಉಳಿದವರಿಗೂ ಎರಡು ಮಾತು. ಕೆಲವು ಹಳೆಯ ಡಿಪ್ರೆಶನ್ ಮಾತ್ರೆಗಳಲ್ಲಿ ಥಟ್ಟನೆ ಎದ್ದರೆ ಬಿಪಿ ಇಳಿದು ತಲೆ ಸುತ್ತುತ್ತದೆ, ನೆಲದ ಮೇಲಿನ ವ್ಯಾಯಾಮದಿಂದ ನಿಧಾನವಾಗಿ ಏಳಿ. ಆತಂಕಕ್ಕೆ ಪ್ರೊಪ್ರನಲಾಲ್ ತೆಗೆದುಕೊಳ್ಳುವವರ ನಾಡಿ ಹೆಚ್ಚು ಏರುವುದಿಲ್ಲ, ಹಾಗಾಗಿ ಕೈಗಡಿಯಾರ ತೋರಿಸುವ ನಾಡಿಯ ಸಂಖ್ಯೆ ನಂಬಿ ಮೈಯನ್ನು ದಂಡಿಸಬೇಡಿ. ಮರಳಿಗೂಡು ಹೇಳಿದ ಮಾತು-ಹಾಡಿನ ಅಳತೆ ಸಾಕು.

ಮಳೆಹನಿ:
ಒಂದು ಎಚ್ಚರಿಕೆ ನನ್ನ ಕಡೆಯಿಂದಲೂ. ಸುಸ್ತೆಲ್ಲ ಡಿಪ್ರೆಶನ್ ಸುಸ್ತಲ್ಲ. ನನಗೆ ಸ್ವಲ್ಪ ಶ್ರಮ ಮಾಡಿದರೂ ಮಾರನೇ ದಿನ, ಅದರ ಮಾರನೇ ದಿನ ಹಾಸಿಗೆಯಿಂದ ಏಳಲಾಗದಷ್ಟು ಕುಸಿತ ಬರುತ್ತಿತ್ತು. ಡಿಪ್ರೆಶನ್ ಅಂದುಕೊಂಡು ಎಲ್ಲರೂ ಇನ್ನಷ್ಟು ನಡೆಯಲು ಒತ್ತಾಯಿಸಿದರು. ಆಮೇಲೆ ಗೊತ್ತಾಯಿತು, ಅದು ಎಂಇ ಅನ್ನುವ ಬೇರೆ ಕಾಯಿಲೆ, ದೀರ್ಘಕಾಲದ ತೀವ್ರ ಸುಸ್ತಿನದು. ಅದರಲ್ಲಿ ಶ್ರಮ ಹೆಚ್ಚಿಸಿದರೆ ಕಾಯಿಲೆಯೇ ಹೆಚ್ಚುತ್ತದೆ. ಥೈರಾಯ್ಡ್ ಕಡಿಮೆ ಇದ್ದರೆ, ರಕ್ತಹೀನತೆ ಇದ್ದರೆ, ಬಿ12 ಕೊರತೆ ಇದ್ದರೆ ಕೂಡ ಮೈಮನಸ್ಸು ಹೀಗೇ ಕುಗ್ಗುತ್ತವೆ. ರಕ್ತಪರೀಕ್ಷೆ ಆಗಿದೆಯಾ ಅಂತ ಒಂದು ಸಲ ಕೇಳಿ.

ಊಟ ಬಿಟ್ಟು ತೂಕ ಇಳಿಸುವ ಗೀಳು ಇರುವವರಿಗೂ ವ್ಯಾಯಾಮದ ಸಲಹೆ ಅಪಾಯ ತರಬಹುದು. ಅವರು ಡಾಕ್ಟರ್ ಹೇಳದೆ ಶುರು ಮಾಡದಿರುವುದು ಒಳ್ಳೆಯದು.

ದಾರಿಹೋಕ:
ನಸುಕು ಅವರ ಪ್ರಶ್ನೆಗೆ ತುಂಬಾ ಹತ್ತಿರದ ಇನ್ನೊಂದು ಅಧ್ಯಯನ. ನೆದರ್ಲೆಂಡ್ಸ್‌ನದು, 2023ರಲ್ಲಿ ಪ್ರಕಟವಾಯಿತು. ಡಿಪ್ರೆಶನ್ ಅಥವಾ ಆತಂಕ ಇದ್ದ 141 ಜನ. ಮಾತ್ರೆ ಬೇಕಾ, ಗುಂಪಿನಲ್ಲಿ ಓಟ ಬೇಕಾ ಅಂತ ಕೇಳಿದರು. ಬಹುತೇಕರು ತಮಗೆ ಬೇಕಾದದ್ದನ್ನು ತಾವೇ ಆರಿಸಿಕೊಂಡರು. 96 ಜನ ಓಟಕ್ಕೆ, 45 ಜನ ಮಾತ್ರೆಗೆ. 16 ವಾರ ಆದಮೇಲೆ ಎರಡೂ ಕಡೆ ಸುಮಾರು 44% ಜನ ಹೊರಬಂದಿದ್ದರು. ತೂಕ, ಬಿಪಿ ಮುಂತಾದ ದೈಹಿಕ ಅಳತೆಗಳಲ್ಲಿ ಓಟದವರು ಮುಂದೆ.

ಆದರೆ ಮಾತ್ರೆಯನ್ನು ಹೇಳಿದಂತೆ ತೆಗೆದುಕೊಂಡವರು 82%, ಓಟವನ್ನು ಹೇಳಿದಂತೆ ಮುಗಿಸಿದವರು 52% ಮಾತ್ರ. ಓಟವೇ ಬೇಕು ಅಂತ ಬಂದವರಲ್ಲೂ ಅರ್ಧದಷ್ಟು ಜನರಿಗೆ ಆಗಲಿಲ್ಲ. ಹೀಗಿರುವಾಗ ಒಂಟಿಯಾಗಿ, ಬರೀ ಸಲಹೆ ಕೇಳಿ, ದಿನಾ ಮಾಡಲಾಗಲಿಲ್ಲ ಅಂತ ಯಾರೂ ತಮ್ಮನ್ನು ಬೈದುಕೊಳ್ಳಬಾರದು. ವ್ಯಾಯಾಮವನ್ನು ಔಷಧಿ ಅಂತ ಕರೆಯುವವರು ಅದನ್ನು ಔಷಧಿಯ ಹಾಗೆಯೇ ಕೊಡಬೇಕು. ಯಾರು ಜೊತೆಗಿರುತ್ತಾರೆ, ಎಷ್ಟು, ಎಷ್ಟು ವಾರ, ಮತ್ತೆ ಯಾವಾಗ ತೋರಿಸಬೇಕು, ಎಲ್ಲವನ್ನೂ ಹೇಳಬೇಕು. ನನ್ನ ಬೇಡಿಕೆ ಇಷ್ಟೇ.

ಬಿಳಿಮೋಡ:
ದಾರಿಹೋಕ ಅವರೇ, ಈ 52% ಅನ್ನುವುದನ್ನು ಅವತ್ತು ಆ ಕ್ಲಿನಿಕ್‌ನಲ್ಲಿ ಯಾರಾದರೂ ಹೇಳಿದ್ದರೆ ನನಗೆ ಎಷ್ಟೋ ಭಾರ ಇಳಿಯುತ್ತಿತ್ತು.

ಗಿರಿಶಿಖರ:
ನನಗೂ ಇದು ಹೊಸದು. ನಾನು ಓಡುವಾಗ ಒಂದು ಗುಂಪು ಇತ್ತು, ಬಾರದಿದ್ದರೆ ಫೋನ್ ಮಾಡುತ್ತಿದ್ದರು. ಅದು ಇದ್ದದ್ದರಿಂದ ನನಗೆ ಆಯಿತು ಅಂತ ಈಗ ಅನ್ನಿಸುತ್ತಿದೆ.

ನಸುಕು:
ಮನೆಯಲ್ಲಿ ಅಕ್ಕನ ಹತ್ತಿರ ಮಾತಾಡಿದೆ. ಹೊಂಗೆನೆರಳು ಅವರು ಬರೆದದ್ದನ್ನು ಓದಿಸಿದೆ. ಸಂಜೆ ಜೊತೆಗೆ ಬರುತ್ತೇನೆ ಅಂದಳು. ಮುಂದಿನ ಸಲ ಡಾಕ್ಟರನ್ನು ನೋಡುವಾಗ ಥೈರಾಯ್ಡ್, ಬಿ12 ಬಗ್ಗೆ ಕೇಳುತ್ತೇನೆ. ಉಪಯೋಗ ಆಗುತ್ತಿದೆಯೋ ಇಲ್ಲವೋ ಅಂತ ಹೇಗೆ ತಿಳಿಯುವುದು? ನನಗೆ ಒಂದೊಂದು ದಿನ ಒಂದೊಂದು ಥರ ಇರುತ್ತದೆ. ಅಕ್ಕ ಏನು ಮಾಡಬೇಕು, ಏನು ಮಾಡಬಾರದು ಅನ್ನುವುದನ್ನೂ ಹೇಳಿ, ಅವಳೇ ಕೇಳುತ್ತಿದ್ದಾಳೆ.

ತಂಗಾಳಿ:
ಪಿಎಚ್‌ಕ್ಯೂ-9 ಅಂತ ಒಂದು ಪ್ರಶ್ನಾವಳಿ ಇದೆ. ಒಂಬತ್ತು ಪ್ರಶ್ನೆ, ಹಿಂದಿನ ಎರಡು ವಾರಗಳ ಬಗ್ಗೆ. ಒಟ್ಟು ಅಂಕ 0ಯಿಂದ 27. ಕಡಿಮೆಯಾದಷ್ಟೂ ಒಳ್ಳೆಯದು. ಡಾಕ್ಟರ್ ಹತ್ತಿರ ಕೇಳಿ ತುಂಬಿ, ದಿನಾಂಕ ಹಾಕಿಡಿ. ಎರಡು ವಾರಕ್ಕೊಮ್ಮೆ ಸಾಕು, ದಿನಾ ತುಂಬಬೇಡಿ. ಐದು ಅಂಕದಷ್ಟು ಇಳಿದರೆ ನಿಜವಾದ ಬದಲಾವಣೆ ಅಂತ ಸಾಮಾನ್ಯವಾಗಿ ಲೆಕ್ಕ ಹಾಕುತ್ತೇವೆ. ಎರಡು ಮೂರು ತಿಂಗಳು ಮಾಡಿಯೂ ಅಂಕ ಅಲ್ಲೇ ಇದ್ದರೆ ಡಾಕ್ಟರಿಗೆ ತೋರಿಸಿ, ಚಿಕಿತ್ಸೆ ಬದಲಿಸುವ ಮಾತಾಡಿ. ಅಂಕ ಏರುತ್ತಿದ್ದರೆ ಅಷ್ಟು ದಿನ ಕಾಯಬೇಡಿ. ಒಂಬತ್ತನೇ ಪ್ರಶ್ನೆ ಸಾವಿನ ಯೋಚನೆಯ ಬಗ್ಗೆ. ಅದಕ್ಕೆ ಸೊನ್ನೆ ಬಿಟ್ಟು ಬೇರೆ ಏನೇ ಬಂದರೂ ಒಟ್ಟು ಅಂಕ ಎಷ್ಟಿದ್ದರೂ ತಕ್ಷಣ ಡಾಕ್ಟರಿಗೆ ತಿಳಿಸಿ.

ಹೊಂಗೆನೆರಳು:
ನಿಮ್ಮ ಅಕ್ಕನಿಗೆ ಹೇಳಿ. ಹೊತ್ತು ಗೊತ್ತು ಮಾಡಿಕೊಂಡು ಆ ಹೊತ್ತಿಗೆ ತಾವು ತಯಾರಾಗಲಿ. ಒಂದು ಸಲ ಕೇಳಲಿ. ನೀವು ಬೇಡ ಅಂದರೆ ಎರಡನೇ ಸಲ ಕೇಳುವುದು ಬೇಡ, ಮುಖ ಸಣ್ಣ ಮಾಡಿಕೊಳ್ಳುವುದೂ ಬೇಡ. ಮಾರನೇ ದಿನ ನಿನ್ನೆಯ ಮಾತೆತ್ತದೆ ಮತ್ತೆ ಕೇಳಲಿ. ನಡೆಯುವಾಗ ಅವರು ನಿಮ್ಮ ವೇಗಕ್ಕೆ ಹೊಂದಿಕೊಳ್ಳಲಿ, ನಿಮ್ಮನ್ನು ತಮ್ಮ ವೇಗಕ್ಕೆ ಎಳೆಯಬಾರದು. ಹೆಜ್ಜೆ ಎಷ್ಟಾಯಿತು ಅಂತ ಫೋನ್ ತೆಗೆದು ತೋರಿಸುವುದು ಬೇಡ. ಅವರಿಗೂ ಸುಸ್ತಾಗುತ್ತದೆ, ವಾರದಲ್ಲಿ ಒಂದೆರಡು ದಿನ ಆ ಕೆಲಸವನ್ನು ಮನೆಯ ಇನ್ನೊಬ್ಬರು ವಹಿಸಿಕೊಳ್ಳಲಿ. ನಾನು ಹಾಗೆ ನನ್ನ ಅತ್ತಿಗೆಯ ಸಹಾಯ ಕೇಳಿಕೊಂಡಿದ್ದೆ, ಅವರೂ ಸಂತೋಷದಿಂದ ಬರುತ್ತಿದ್ದರು.